ಬೆಂಕಿ ಇಲ್ಲದ ಅಡುಗೆ

ರಾತ್ರಿ ಒಂಬತ್ತೂವರೆಗೆ ಬರುವ ಸುದ್ದಿ ಒಳ್ಳೆಯದಾಗಿರುವುದಿಲ್ಲ. ಹಿಂದೆ ಆ ಹೊತ್ತಿಗೆ ಟೆಲಿಗ್ರಾಂ ಬಂದರೆ ಊರಲ್ಲಿ ಯಾರೋ ಹೋಗಿಬಿಟ್ಟರು ಎಂದೇ ಅರ್ಥ. 2013ರಲ್ಲಿ ಟೆಲಿಗ್ರಾಂ ನಿಂತಿತು. ಆ ಜಾಗಕ್ಕೆ ಶಾಲೆಯ ವಾಟ್ಸ್ಆ್ಯಪ್ ಗುಂಪು ಬಂದು ಕೂತಿದೆ. ಮೊನ್ನೆ ಬಂದದ್ದು ಹೀಗಿತ್ತು: ನಾಳೆ ಮೂರನೇ ಕ್ಲಾಸಿನವರಿಗೆ ‘ಫೈರ್‌ಲೆಸ್ ಕುಕಿಂಗ್’ ಸ್ಪರ್ಧೆ. ಒಲೆ ಇಲ್ಲ, ಚಾಕು ಇಲ್ಲ. ಮಗು ತಾನೇ ಮಾಡಬೇಕು. ಹೆಲ್ದಿಯಾಗಿರಬೇಕು, ಕಲರ್‌ಫುಲ್ ಆಗಿರಬೇಕು. ಏಪ್ರನ್ನು, ಶೆಫ್ ಟೋಪಿ ಕಡ್ಡಾಯ. ಕೊನೆಯಲ್ಲಿ ಮೂರು ನಗುಮುಖ.

ಬೆಂಕಿ ಬೇಡವಂತೆ, ಟೋಪಿ ಬೇಕಂತೆ.

ಆಗ ನಾನು ಟಿವಿ ಮುಂದೆ ಕೂತು ಅವರೆಕಾಳು ಹಿತುಕುತ್ತಿದ್ದೆ. ಜನವರಿ ಮೊದಲ ವಾರ. ಗಾಂಧಿ ಬಜಾರಿನಲ್ಲಿ ಹಿತುಕಿದ ಬೇಳೆಯನ್ನೇ ಕವರಿನಲ್ಲಿ ಹಾಕಿ ಮಾರುತ್ತಾರೆ, ಗೊತ್ತು. ನಾನು ಅದನ್ನು ತರುವುದಿಲ್ಲ. ಜಂಬ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ರಿಟೈರಾದ ಮೇಲೆ ನಮ್ಮನೆ ಅಡುಗೆಯ ಬೆಳಗಿನ ಪಾಳಿ ನನ್ನದು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿದವನು ಈಗ ಸ್ವಂತ ಕಾಳು ಎಣಿಸುತ್ತಿದ್ದೇನೆ.

ಮಗಳು ರೂಮಿನಿಂದ ಕೂಗಿದಳು. “ಅಪ್ಪಾ, ಮಾರಿ ಬಿಸ್ಕತ್ತು ಇದೆಯಾ?”

“ಈ ಹೊತ್ತಲ್ಲಿ ಕಾಫಿನಾ?”

“ಕಾಫಿಗಲ್ಲಪ್ಪ, ಕುಕಿಂಗ್‌ಗೆ.”

ಬಿಸ್ಕತ್ತಿನ ಮೇಲೆ ಜಾಮ್ ಬಳಿದು, ಇನ್ನೊಂದು ಬಿಸ್ಕತ್ತು ಮುಚ್ಚಿ, ಮೇಲೆ ಬಣ್ಣದ ಚಾಕಲೇಟ್ ಗುಂಡು ಎರಡು ಅಂಟಿಸಿದರೆ ಕಣ್ಣಾಯಿತು. ಅದಕ್ಕೆ ಹೋದ ವರ್ಷ ಮೊದಲ ಬಹುಮಾನ ಬಂದಿತ್ತಂತೆ. ಅದು ಅಡುಗೆ ಎನ್ನುವುದಾದರೆ ನಾನು ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿ ಬಂದದ್ದು ಕಾಶಿಯಾತ್ರೆ.

“ಕೋಸಂಬರಿ ಮಾಡ್ಲಿ,” ಅಂದೆ. ರಾಮನವಮಿಗೆ ಬೀದಿಬೀದಿಯಲ್ಲಿ ಚಪ್ಪರ ಹಾಕಿ ಕೊಡುತ್ತಾರಲ್ಲ, ಕೋಸಂಬರಿ, ಪಾನಕ, ನೀರುಮಜ್ಜಿಗೆ. ಮೂರಕ್ಕೂ ಒಲೆ ಹಚ್ಚುವ ಕೆಲಸವಿಲ್ಲ. ಬೇಳೆ ನೆನೆಯಬೇಕು, ಬೆಲ್ಲ ಕರಗಬೇಕು, ಮೊಸರು ಕಡೆಯಬೇಕು, ಅಷ್ಟೇ. ಚಪ್ಪರದಲ್ಲಿ ಹಂಚುವವರು ಯಾರೂ ಟೋಪಿ ಹಾಕಿಕೊಂಡದ್ದನ್ನು ನಾನು ಕಂಡಿಲ್ಲ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಕಲರ್‌ಫುಲ್ ಇರ್ಬೇಕಪ್ಪ,” ಅಂದಳು. ಹಳದಿ ಬೇಳೆ, ಹಸಿರು ಕೊತ್ತಂಬರಿ, ಕೇಸರಿ ಕ್ಯಾರೆಟ್, ಬಿಳಿ ತೆಂಗಿನತುರಿ. ಇದಕ್ಕಿಂತ ಎಷ್ಟು ಬಣ್ಣ ಬೇಕು? ಕಾಮನಬಿಲ್ಲು ತಂದು ಹೆಚ್ಚೋಣವಾ?

ಅಷ್ಟರಲ್ಲಿ ಪುಟ್ಟಿ ಬಂದಳು. ಅವಳಿಗೆ ಎಂಟು ವರ್ಷ. ಕೇಳಿದ ಪ್ರಶ್ನೆ ಮಾತ್ರ ಇಡೀ ಮನೆಯಲ್ಲಿ ಯಾರಿಗೂ ಹೊಳೆಯದ್ದು. “ತಾತಾ, ಒಗ್ಗರಣೆ?”

ಹೌದಲ್ಲ. ಸಾಸಿವೆ ಸಿಡಿಯಬೇಕಾದರೆ ಎಣ್ಣೆ ಕಾಯಬೇಕು, ಎಣ್ಣೆ ಕಾಯಬೇಕಾದರೆ ಬೆಂಕಿ ಬೇಕು. ಮನೆಯಲ್ಲೇ ಒಗ್ಗರಣೆ ಹಾಕಿ ಚಿಕ್ಕ ಡಬ್ಬಿಯಲ್ಲಿ ಕಳಿಸೋಣ ಎಂದಳು ಮಗಳು. ಅದು ಮೋಸ ಎಂದಳು ಪುಟ್ಟಿ. ಸೌತೆಕಾಯಿ ಹೆಚ್ಚಿ ಕಳಿಸುವುದು ಮೋಸ ಅಲ್ವಾ ಎಂದು ಮಗಳು. ಅದು ‘ಪ್ರಿಪರೇಶನ್’ ಎಂದು ಪುಟ್ಟಿ. ಕೊನೆಗೆ ಒಗ್ಗರಣೆ ಇಲ್ಲದ ಕೋಸಂಬರಿಯೇ ಗತಿ ಎಂದು ತೀರ್ಮಾನವಾಯಿತು. ಒಗ್ಗರಣೆ ಇಲ್ಲದ ಕೋಸಂಬರಿ ಹೇಗಿರುತ್ತದೆ ಎಂದರೆ, ವಾಲಗ ಇಲ್ಲದ ಮದುವೆ. ಆಗುತ್ತದೆ. ಆದರೆ ಆಯಿತೋ ಇಲ್ಲವೋ ಎಂದು ಪಕ್ಕದವರನ್ನು ಕೇಳಬೇಕು.

ಮಾತು ಮುಗಿದ ಮೇಲೆ ಪುಟ್ಟಿ ನನ್ನ ಮುಂದಿದ್ದ ಪಾತ್ರೆ ನೋಡಿದಳು. “ಬಾ, ಹಿತುಕೋಣ,” ಎಂದು ಕರೆದೆ.

“ಇದೂ ಕಾಂಪಿಟಿಷನ್‌ಗಾ?”

“ಇಲ್ಲಮ್ಮ. ನಾಳೆ ಸಾರಿಗೆ.”

“ಹಾಗಾದ್ರೆ ಬೇಡ,” ಎಂದು ಹೋಗಿ ಮಲಗಿದಳು.

ಇಲ್ಲಿ ನನಗೆ ಸ್ವಲ್ಪ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮಕ್ಕಳನ್ನು ಅಡುಗೆಮನೆಗೆ ಎಳೆಯಬೇಕು, ಆಟದ ಥರ ಇರಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಇವಳಿಗೆ ಮೂರು ವರ್ಷವಿದ್ದಾಗ ಮಾಂಟೆಸರಿಗೆ ಸೇರಿಸಿದರು. ಅಲ್ಲಿ ಮಕ್ಕಳು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಕಾಳು ಸುರಿಯುತ್ತಾರೆ. ಆ ಬಟ್ಟಲಿನಿಂದ ಮತ್ತೆ ಈ ಬಟ್ಟಲಿಗೆ. ಮಾರಿಯಾ ಮಾಂಟೆಸರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಉಳಿದು, ನೂರಾರು ಮೇಷ್ಟರುಗಳಿಗೆ ಪಾಠ ಹೇಳಿದ ದೊಡ್ಡ ಹೆಂಗಸು. ಆಕೆಯ ಬಗ್ಗೆ ನನ್ನ ತಕರಾರಿಲ್ಲ. ಕೈಗೆ ನಿಜವಾದ ಕೆಲಸ ಕೊಡಿ ಎಂದೇ ಆಕೆ ಹೇಳಿದ್ದು. ನನ್ನ ತಕರಾರು ಫೀಸಿನ ಬಗ್ಗೆ. ಆ ದುಡ್ಡಿಗೆ ಕಾಳು ಸುರಿಯುವುದಾದರೆ ನಮ್ಮನೆಯಲ್ಲಿ ಮೂಟೆಗಟ್ಟಲೆ ಸುರಿಸುತ್ತಿದ್ದೆ.

ಐದನೇ ಹುಟ್ಟಿದಹಬ್ಬಕ್ಕೆ ನಾನೇ ಚನ್ನಪಟ್ಟಣಕ್ಕೆ ಹೋಗಿ ಅಡುಗೆ ಸೆಟ್ ತಂದೆ. ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ್ದು. ಬೆರಳುದ್ದದ ಲಟ್ಟಣಿಗೆ, ಅಂಗೈಯಗಲದ ಬೀಸೋಕಲ್ಲು, ಒಲೆ, ಕೊಡ. ನೋಡಿದರೆ ನನಗೇ ಆಡಬೇಕು ಎನಿಸುತ್ತಿತ್ತು. ಪುಟ್ಟಿ ಎರಡು ದಿನ ಆಡಿದಳು. ಮೂರನೆಯ ದಿನ, “ಇದ್ರಲ್ಲಿ ಏನೂ ಬೇಯಲ್ಲ ತಾತಾ,” ಎಂದು ತಂದುಕೊಟ್ಟಳು. ಈಗ ಅದು ಷೋಕೇಸಿನಲ್ಲಿದೆ.

ಮಕ್ಕಳನ್ನು ಅಡುಗೆಗೆ ಹಚ್ಚುವ ಉಪಾಯ ನನಗೆ ಮೂರು ಗೊತ್ತು. ಮೂರನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಹಿತುಕಿದ ಬೇಳೆಯ ವಿಷಯ ಒಂಚೂರು ಹೇಳಿಬಿಡಬೇಕು. ಹಿದುಕಿದ ಬೇಳೆ ಎನ್ನುವವರಿದ್ದಾರೆ, ಹಿಸುಕಿದ ಬೇಳೆ ಎನ್ನುವವರೂ ಇದ್ದಾರೆ. ಅವರ ಮನೆಯ ಸಾರೂ ಚೆನ್ನಾಗಿಯೇ ಇರಬಹುದು.

ನಮ್ಮ ಅಜ್ಜಿಯ ಊರು ಮಾಗಡಿ ಹತ್ತಿರ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಬಿತ್ತುತ್ತಿದ್ದರು. ರಾಗಿ ಕುಯ್ದ ಮೇಲೆ ಹೊಲದಲ್ಲಿ ಅವರೆ ಗಿಡ ಮಾತ್ರ ನಿಂತಿರುತ್ತಿತ್ತು. ಮಾಗಿಯ ಮಂಜು ಬಿದ್ದಷ್ಟೂ ಕಾಯಿಗೆ ಸೊಗಡು ಜಾಸ್ತಿ ಎಂದು ಅಜ್ಜಿ ಹೇಳುತ್ತಿದ್ದಳು. ಸೊಗಡು ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಗೊತ್ತಿರುವವರು ಇಷ್ಟು ಹೊತ್ತಿಗೆ ಬೆರಳು ಮೂಸಿ ನೋಡಿಕೊಂಡಿರುತ್ತಾರೆ.

ಸಂಕ್ರಾಂತಿಯ ಹಿಂದುಮುಂದೆ ನಾವು ಮೊಮ್ಮಕ್ಕಳು ಹನ್ನೊಂದು ಜನ ಅಲ್ಲಿ ಸೇರುತ್ತಿದ್ದೆವು. ಸಂಜೆ ಜಗಲಿಯ ಮೇಲೆ ಒಂದು ಮೂಟೆ ಕಾಯಿ ಸುರಿಯುತ್ತಿದ್ದರು. ಬಿಡಿಸಬೇಕು. ಹಸಿರು ಹುಳ ಸಿಕ್ಕಿದರೆ ಪಕ್ಕದವರ ಅಂಗಿಯೊಳಗೆ ಬಿಡಬೇಕು. ಎರಡನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಿಡಿಸಿದ ಕಾಳನ್ನು ಅಜ್ಜಿ ರಾತ್ರಿ ಕೊಳಗದಲ್ಲಿ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಜಗಲಿಗೆ ಬಿಸಿಲು ಬರುವ ಹೊತ್ತಿಗೆ ಒಬ್ಬೊಬ್ಬರ ಮುಂದೆ ಒಂದು ರಾಶಿ ನೆನೆದ ಕಾಳು, ಒಂದು ಲೋಟ. ಲೆಕ್ಕ ಮೂರು ಲೋಟ ಬೇಳೆ. ಅದು ಮುಗಿಯುವವರೆಗೆ ಗೋಲಿ ಇಲ್ಲ, ಬುಗುರಿ ಇಲ್ಲ.

ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಹದವಾಗಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಮೊದಲ ನೂರು ಕಾಳು ಲೋಟಕ್ಕೇ ಬೀಳುತ್ತಿದ್ದವು. ಆಮೇಲೆ ಲೋಟಕ್ಕಿಂತ ಒಳ್ಳೆಯ ಗುರಿ ಕಣ್ಣಿಗೆ ಬೀಳುತ್ತಿತ್ತು. ಜಗಲಿಯ ಆ ತುದಿಯಲ್ಲಿ ದೊಡ್ಡಪ್ಪ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಅವರ ತಲೆ ನುಣ್ಣಗಿತ್ತು. ತಲೆಗೆ ತಾಗಿದರೆ ಎರಡು ಪಾಯಿಂಟ್, ಪೇಪರಿಗೆ ಬಿದ್ದರೆ ಒಂದು. ದೊಡ್ಡಪ್ಪ ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ, ಗದರಲಿಲ್ಲ. ಪೇಪರ್ ಮುಗಿಸಿ ಏಳುವಾಗ ಪಂಚೆಯ ಮಡಿಲಿನಲ್ಲಿ ಬಿದ್ದಿದ್ದ ಹತ್ತಿಪ್ಪತ್ತು ಬೇಳೆಯನ್ನು ಜೋಪಾನವಾಗಿ ತಂದು ಅಜ್ಜಿಯ ಕೊಳಗಕ್ಕೆ ಹಾಕಿ ಒಳಗೆ ಹೋಗುತ್ತಿದ್ದರು. ದಿನಾ ಹೀಗೆಯೇ. ಅವರು ಬೇಕೆಂದೇ ಅಲ್ಲಿ ಕೂರುತ್ತಿದ್ದರೋ ಏನೋ. ಕೇಳೋಣವೆಂದರೆ ಈಗ ಅವರಿಲ್ಲ.

ನನಗೆ ಹತ್ತು ವರ್ಷದ ಆ ಸಲ ಬುಗುರಿಯ ಚಟ ಹತ್ತಿತ್ತು. ಮೂರು ಲೋಟ ತುಂಬಿಸುವಷ್ಟು ತಾಳ್ಮೆ ಇರಲಿಲ್ಲ. ಲೋಟದ ಮುಕ್ಕಾಲು ಭಾಗ ಹಿತುಕದ ಕಾಳು ತುಂಬಿ, ಮೇಲಿನ ಕಾಲು ಭಾಗಕ್ಕೆ ಬೇಳೆ ಮುಚ್ಚಿದೆ. ಅಜ್ಜಿ ಅತ್ತ ತಿರುಗಿದಾಗ ಕೊಳಗಕ್ಕೆ ಸುರಿದು, ಕೈಯಾಡಿಸಿ, ಅಕ್ಕನ ಬೇಳೆಯನ್ನು ಮೇಲೆಳೆದೆ. ಮೂರು ಸಲ ಹೀಗೆ ಮಾಡಿ ಹತ್ತು ನಿಮಿಷದಲ್ಲಿ ಬೀದಿಯಲ್ಲಿದ್ದೆ. ನಾನು ಮುಂದೆ ಬ್ಯಾಂಕಿಗೆ ಸೇರಿದೆ ಎಂದಾಗ ಊರಿನವರಿಗೆ ಆಶ್ಚರ್ಯ ಆಗಿರಲಿಕ್ಕಿಲ್ಲ.

ಅಜ್ಜಿ ಬೇಳೆ ತೊಳೆಯುವಾಗ ಗೊತ್ತಾಯಿತು. ಅವಳು ಬೈಯಲಿಲ್ಲ. ಹನ್ನೊಂದು ಜನರನ್ನೂ ಕರೆದು ಸಾಲಾಗಿ ನಿಲ್ಲಿಸಿ, “ಕೈ ತೋರಿಸ್ರೋ,” ಎಂದಳು. ಒಬ್ಬೊಬ್ಬರದೇ ಹೆಬ್ಬೆರಳು ನೋಡುತ್ತಾ ಬಂದಳು. ನನ್ನ ಹತ್ತಿರ ನಿಂತಳು. ಬೆರಳ ತುದಿಯಲ್ಲಿ ಒತ್ತಿ ತೆಗೆದ ಬೇಳೆ ಇಡಿಯಾಗಿರುತ್ತದೆ. ಉಗುರು ಬೆಳೆದಿದ್ದರೆ ಬೇಳೆಯ ಬೆನ್ನಿಗೆ ಒಂದು ಗೀರು ಬೀಳುತ್ತದೆ. ಸಿಪ್ಪೆ ಇದ್ದ ಕಾಳುಗಳ ಸುತ್ತಮುತ್ತ ಇದ್ದ ಬೇಳೆಗೆಲ್ಲ ಗೀರು ಬಿದ್ದಿತ್ತಂತೆ. ಉಗುರು ಕತ್ತರಿಸದೆ ಬಿಟ್ಟಿದ್ದವನು ನಾನೊಬ್ಬನೇ.

“ಬಾ ಒಳಕ್ಕೆ,” ಎಂದಳು.

ಒಳಕ್ಕೆ ಎಂದರೆ ಅಡುಗೆಮನೆಗೆ. ಉಣ್ಣುವುದಕ್ಕೆ ಬಿಟ್ಟರೆ ಗಂಡುಹುಡುಗರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಹೊಸಿಲು ದಾಟಿದರೆ ಸಾಕು, “ನಿನಗೇನೋ ಇಲ್ಲಿ ಕೆಲಸ, ಹೊರಗೆ ನಡಿ,” ಎಂದು ಯಾರಾದರೂ ಗದರುತ್ತಿದ್ದರು. ಅಡುಗೆ ಎಂದರೆ ನಳಪಾಕ, ಭೀಮಪಾಕ ಎನ್ನುತ್ತೇವೆ. ಕನ್ನಡದಲ್ಲಿ ಅಡುಗೆಯ ಮೇಲೆ ‘ಸೂಪಶಾಸ್ತ್ರ’ ಎಂದು ಪದ್ಯದಲ್ಲಿ ಗ್ರಂಥ ಬರೆದ ಮೂರನೇ ಮಂಗರಸ 16ನೇ ಶತಮಾನದ ಒಬ್ಬ ಅರಸುಮಗ. ಹೊಗಳಿಕೆಗೆಲ್ಲ ಗಂಡಸರು, ಹೊಗೆಗೆಲ್ಲ ಹೆಂಗಸರು. ಮಂಗರಸ ನಮ್ಮಜ್ಜಿಯ ಅಡುಗೆಮನೆ ಹೊಸಿಲು ತುಳಿದಿದ್ದರೂ ಓಲೆಗರಿಯ ಸಮೇತ ಹೊರಗೆ ಹಾಕುತ್ತಿದ್ದಳು.

ನನಗೆ ಊದುಕೊಳವೆ ಕೊಟ್ಟು ಒಲೆಯ ಮುಂದೆ ಕೂರಿಸಿದಳು. ಸೌದೆ ಹಸಿ. ಊದಿದೆ. ಹೊಗೆ ಕಣ್ಣಿಗೆ ಬಂತು. ಮತ್ತೆ ಊದಿದೆ. ಅಜ್ಜಿ ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ ಹುರಿದು, ಕಾಯಿ, ಬೆಳ್ಳುಳ್ಳಿ, ಈರುಳ್ಳಿ ಸೇರಿಸಿ ಒರಳಿನಲ್ಲಿ ರುಬ್ಬಿದಳು. ಆ ಕಡೆ ಬೇಳೆ ಕುದಿಯುತ್ತಿತ್ತು. “ಸೌಟು ಆಡಿಸಬೇಡ, ಒಡೆಯುತ್ತೆ,” ಎಂದಳು. “ಒಂದು ಬೇಳೆ ತೆಗೆದು ಒತ್ತಿ ನೋಡು,” ಎಂದಳು. ಒತ್ತಿದೆ. ಇನ್ನೂ ಗಟ್ಟಿ. ಮತ್ತೆ ಊದಿದೆ. ಮಸಾಲೆ ಬಿದ್ದು ಕುದಿ ಬಂದು, ಇಡೀ ಮನೆ ಘಮ ಎನ್ನುವಾಗ ಕಲ್ಲುಪ್ಪಿನ ಮಡಕೆ ನನ್ನ ಮುಂದೆ ಸರಿಸಿ, “ಹಾಕು,” ಎಂದಳು.

“ಎಷ್ಟು?”

“ನಿನ್ನ ಕೈಯಲ್ಲಿ ಒಂದು ಹಿಡಿ. ಉಪ್ಪು ಯಾವಾಗ್ಲೂ ಕೊನೆಗೇ ಕಣೋ. ಮೊದ್ಲೇ ಹಾಕಿದ್ರೆ ಬೇಳೆ ಮುನಿಸ್ಕೊಳ್ಳುತ್ತೆ. ತರಕಾರಿಗೆ ಹಾಕಿದ್ರೆ ಅದು ಅಳುತ್ತೆ.”

ಹನ್ನೊಂದು ಮಕ್ಕಳು, ಎಂಟು ದೊಡ್ಡವರು ಉಣ್ಣುವ ಸಾರಿಗೆ ನಾನು ಉಪ್ಪು ಹಾಕಿದೆ. ಆ ಹೆದರಿಕೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ಮುದ್ದೆಯ ಪಕ್ಕ ಎಲ್ಲರಿಗೂ ಬೇಳೆ, ನನಗೊಬ್ಬನಿಗೆ ಸಿಪ್ಪೆ ಕಾಳು. ಅಜ್ಜಿ ಅದನ್ನೆಲ್ಲ ಆರಿಸಿ ತೆಗೆದು ಬೇರೆ ಬೇಯಿಸಿದ್ದಳು. “ನಿನ್ನ ಪಾಲು,” ಎಂದು ಬಡಿಸಿದಳು. ದೊಡ್ಡಪ್ಪ ಮೊದಲ ತುತ್ತು ನುಂಗಿ, ಯಾರ ಕಡೆಯೂ ನೋಡದೆ, “ಉಪ್ಪು ಸರಿಯಾಗಿದೆ,” ಎಂದರು. ಇವತ್ತಿಗೂ ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಸಿಕ್ಕಿಲ್ಲ. ಬ್ಯಾಂಕಿನವರು ಬೀಳ್ಕೊಡುವಾಗ ಕೊಟ್ಟ ಫಲಕ ಎಲ್ಲಿದೆಯೋ ಗೊತ್ತಿಲ್ಲ.

ಮಾರನೆಯ ದಿನ ಯಾರೂ ಕರೆಯದೆ ಹೊಸಿಲ ಹತ್ತಿರ ಹೋಗಿ ನಿಂತೆ. ಅಕ್ಕ ಒಳಗೆ ಕಾಯಿ ತುರಿಯುತ್ತಿದ್ದಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. “ನಿನ್ನೆ ನಿಂಗೆ ಶಿಕ್ಷೆ. ಇವತ್ತು ನಿಂಗೆ ಆಟ. ನಾವು ದಿನಾ ಮಾಡೋದು ಏನು?” ಎಂದಳು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಅವಳು ಫೋನ್ ಮಾಡಿ “ಏನು ಅಡುಗೆ ಇವತ್ತು ಭೀಮಸೇನಂದು?” ಎಂದಾಗ ದನಿಯಲ್ಲಿ ಅದೇ ಖಾರ ಇರುತ್ತದೆ.

ಮೂರು ಉಪಾಯ ಎಂದಿದ್ದೆ. ಒಂದು ಹೇಳಿದ ಹಾಗಾಯಿತು. ಮಿಕ್ಕ ಎರಡು ಆಮೇಲೆ.

ನಿಜ ಹೇಳಬೇಕೆಂದರೆ ನನಗೆ ಮಕ್ಕಳು ಅಡುಗೆಮನೆಗೆ ಬರುವುದೇ ಅಷ್ಟಾಗಿ ಇಷ್ಟವಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಸಾಕ್ಷಾತ್ ಅನ್ನಪೂರ್ಣೇಶ್ವರಿ ಬಂದರೂ ಹಾಲ್‌ನಲ್ಲಿ ಕೂರಬೇಕು. ಹೋದ ತಿಂಗಳು ಪುಟ್ಟಿ ಚಪಾತಿ ಲಟ್ಟಿಸಿದಳು. ಎಲ್ಲರೂ ಫೋಟೊ ತೆಗೆದರು. ಮಗಳು ತೆಗೆದಳು, ಅಳಿಯ ತೆಗೆದರು, ವಿಡಿಯೊ ಕಾಲ್‌ನಲ್ಲಿ ಬೀಗಿತ್ತಿ ನೋಡಿದರು. ಆಮೇಲೆ ಫ್ರಿಜ್ಜಿನ ಕೆಳಗೆ ಕೈ ಹಾಕಿ ಗೋಧಿಹಿಟ್ಟು ಬಳಿದವನು ಯಾರು? ಅದರ ಫೋಟೊ ಯಾರೂ ತೆಗೆದಿಲ್ಲ. ಮಕ್ಕಳ ಜತೆ ಅಡುಗೆ ಮಾಡಿ, ಎಷ್ಟು ಮಜಾ ಎಂದು ವಿಡಿಯೊದಲ್ಲಿ ಹೇಳುವವರ ಕಟ್ಟೆ ಯಾವಾಗಲೂ ಫಳಫಳ ಹೊಳೆಯುತ್ತಿರುತ್ತದೆ. ಅಲ್ಲಿ ಜಿಡ್ಡು ಹಿಡಿದ ಒಂದು ಸಾಸಿವೆ ಡಬ್ಬಿಯನ್ನಾದರೂ ನೀವು ನೋಡಿದ್ದೀರಾ?

ಇರಲಿ. ಮಾರನೆಯ ಬೆಳಿಗ್ಗೆ ಐದಕ್ಕೆ ಎದ್ದು ಹೆಸರುಬೇಳೆ ನೆನೆಹಾಕಿದೆ. ಏಳಕ್ಕೆ ಪುಟ್ಟಿ ಎದ್ದು ಬಂದಳು. ಬೇಳೆ ಬಸಿದಳು. ಒಂದು ಬೇಳೆ ಬಾಯಿಗೆ ಹಾಕಿ ಕಡಿದು, “ಕಟುಂ ಅಂತಿಲ್ಲ, ಆಗಿದೆ,” ಎಂದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸೌತೆಕಾಯಿಯ ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆದಳು. ಕಹಿ ಹೋಗುತ್ತದಂತೆ. ಹೆಚ್ಚಿದ್ದು ನಾನು. ಕ್ಯಾರೆಟ್ ಅವಳೇ ತುರಿದಳು, ಬೆರಳಿನ ತುದಿಯೂ ಚೂರು ತುರಿಯಿತು. ಅತ್ತಳು. ನೀರಿನಲ್ಲಿ ಕೈ ಅದ್ದಿ ಮತ್ತೆ ತುರಿದಳು. ಟೋಪಿ ಹಾಕಿಕೊಂಡಿರಲಿಲ್ಲ. ಎಲ್ಲವನ್ನೂ ದೊಡ್ಡ ಸ್ಟೀಲ್ ಡಬ್ಬಿಗೆ ಹಾಕಿ, ನಿಂಬೆಹಣ್ಣು, ಕೊತ್ತಂಬರಿ, ಉಪ್ಪಿನ ಪೊಟ್ಟಣ ಬೇರೆ ಇಟ್ಟುಕೊಂಡಳು.

ಅಷ್ಟರಲ್ಲಿ ಶಾಲೆಯ ವ್ಯಾನ್ ಹಾರ್ನ್ ಹೊಡೆಯಿತು. ಗಡಿಬಿಡಿ. ಒಂದು ಶೂ ಕಾಣಿಸುತ್ತಿಲ್ಲ. ಟೋಪಿ ಇಸ್ತ್ರಿಯಾಗಿಲ್ಲ. ಪೊಟ್ಟಣ ಬ್ಯಾಗಿನಲ್ಲಿ ಒಡೆದುಹೋದರೆ ಏನು ಗತಿ? ಯಾರೋ ಒಬ್ಬರು ಸಮಯಪ್ರಜ್ಞೆ ತೋರಿಸಿ ಕೆಲಸ ಸಲೀಸು ಮಾಡಿದರು. ಡಬ್ಬಿ ಮುಚ್ಚಿ ಕಳಿಸಿದ್ದಾಯಿತು.

ಸಂಜೆ ಪುಟ್ಟಿ ಬಂದಳು. ಮೊದಲ ಬಹುಮಾನ ಬಿಸ್ಕತ್ತಿನ ಕರಡಿಗೆ. ಎರಡನೆಯದು ಬಿಸ್ಕತ್ತಿನ ಮನೆಗೆ. ಮೂರನೆಯದು ಬ್ರೆಡ್ಡಿನ ಚಿಟ್ಟೆಗೆ. ನನಗೆ ಗೊತ್ತಿತ್ತು. ಈ ಕಾಲದ ತೀರ್ಪುಗಾರರಿಗೆ ನಾಲಿಗೆಯೇ ಇಲ್ಲ, ಕಣ್ಣಿನಲ್ಲೇ ತಿನ್ನುತ್ತಾರೆ, ನಮ್ಮ ಕಾಲದ ದೊಡ್ಡಪ್ಪನಂಥವರು ಇದ್ದಿದ್ದರೆ ಎಂದೆಲ್ಲ ಅರ್ಧಗಂಟೆ ಮಾತಾಡಿದೆ. ಹೆಂಡತಿ ಕಾಫಿ ಕೊಟ್ಟು ಹೋದಳು. ಪುಟ್ಟಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಹೇಳಿದಳು.

“ತಾತಾ, ಡಬ್ಬಿ ತೆಗೆದ್ರೆ ಬರೀ ನೀರು. ಬೇಳೆ ಎಲ್ಲ ಈಜ್ತಾ ಇತ್ತು. ಸೌತೆಕಾಯಿ ಚೊಂಯ್ ಅಂತ ಸುಕ್ಕಾಗಿತ್ತು. ಮಿಸ್ ಬಂದು ಸ್ಪೂನಲ್ಲಿ ಎತ್ತಿ ನೋಡಿ, ‘ವೆರಿ ನೈಸ್, ಇದು ಸೂಪಾ?’ ಅಂತ ಕೇಳಿದ್ರು.”

“ನೀನೇನಂದೆ?”

“ಹೌದು ಮಿಸ್ ಅಂದೆ.”

ಮಂಗರಸನ ಆತ್ಮಕ್ಕೆ ಶಾಂತಿ ಸಿಗಲಿ.

ಪುಟ್ಟಿ ಬ್ಯಾಗಿನಿಂದ ಪೊಟ್ಟಣ ಕಟ್ಟಿದ್ದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. ಖಾಲಿ. “ಅಲ್ಲಿ ಹೋಗಿ ಕೊನೇಲಿ ಹಾಕ್ಬೇಕು ಅಂತ ನೀನೇ ಹೇಳಿದ್ದೆ. ನಾನು ಶೂ ಹುಡುಕ್ತಾ ಇದ್ದಾಗ ಉಪ್ಪು ಹಾಕಿದ್ದು ಯಾರು?”

“ಕುಕ್ಕರ್ ಕೂಗ್ತಾ ಇದೆ ಇರು,” ಎಂದು ನಾನು ಎದ್ದು ಅಡುಗೆಮನೆಗೆ ಹೋದೆ.

ಒಲೆಯ ಮೇಲೆ ಕುಕ್ಕರ್ ಇರಲಿಲ್ಲ.